ಕಾಲೇಜ್ ಆಟಗಾರರಿಗೆ ಬರೋದು ಮುಯ್ಯಿ ಅಲ್ಲ, ಸಂಪಾದನೆ

ಹೋದ ವರ್ಷ ಮಾರ್ಚಲ್ಲಿ ಮೈಸೂರು ಕಡೆಯವರೊಬ್ರು ಮಗಳನ್ನ ಕರ್ಕೊಂಡು ಅಮೆರಿಕದಲ್ಲಿ ನಾನು ನಡೆಸೋ ಟ್ಯಾಕ್ಸ್ ಲೆಕ್ಕದ ಆಫೀಸಿಗೆ ಬಂದಿದ್ರು. ಹುಡುಗಿ ಹುಟ್ಟಿದ್ದೇ ಇಲ್ಲಿ, ಕಾಲೇಜ್ ಟೀಮಲ್ಲಿ ಟೆನಿಸ್ ಆಡ್ತಾಳೆ. ಆ ಊರಿನ ಒಂದು ಸ್ಪೋರ್ಟ್ಸ್ ಅಂಗಡಿಯವ್ರು ಅವಳ ಕೈಲಿ ಇನ್‌ಸ್ಟಾಗ್ರಾಮಲ್ಲಿ ನಾಲ್ಕು ಪೋಸ್ಟ್ ಹಾಕಿಸಿ 3,000 ಡಾಲರ್ ಕೊಟ್ಟಿದ್ರು, ಜೊತೆಗೆ 1,400 ಡಾಲರ್ ಬೆಲೆಯ ರಾಕೆಟ್ಟು, ಶೂ, ಬ್ಯಾಗು. "ದುಡ್ಡಿಂದು ಸರಿ ಸಾರ್, ಸಾಮಾನೆಲ್ಲ ಗಿಫ್ಟ್ ಅಲ್ವಾ, ಮದುವೇಲಿ ಮುಯ್ಯಿ ಮಾಡ್ದಂಗೆ, ಅದನ್ನೂ ತೋರಿಸ್ಬೇಕಾ?" ಅಂದ್ರು.

ತೋರಿಸ್ಲೇಬೇಕು. ಏನೂ ವಾಪಸ್ ಕೇಳ್ದೆ ಪ್ರೀತಿಯಿಂದ ಕೊಟ್ರೆ ಅದು ಗಿಫ್ಟು. ಪೋಸ್ಟ್ ಹಾಕು ಅಂತ ಹೇಳಿ ಕೊಟ್ಟ ಶೂ ಆ ಕೆಲಸಕ್ಕೆ ಕೊಟ್ಟ ಕೂಲಿ, ಮಾರ್ಕೆಟ್ಟಲ್ಲಿ ಅದರ ಬೆಲೆ ಎಷ್ಟೋ ಅಷ್ಟನ್ನೂ ಆದಾಯಕ್ಕೆ ಸೇರಿಸ್ಬೇಕು. ಒಟ್ಟು 4,400 ಆಯ್ತು, ಇನ್‌ಕಮ್ ಟ್ಯಾಕ್ಸ್ ಏನೋ ಸೊನ್ನೆ ಬಂತು, ಆದ್ರೆ ಸ್ವಂತ ದುಡಿಮೆ ಮಾಡೋರು ಕಟ್ಟೋ ಸೆಲ್ಫ್ ಎಂಪ್ಲಾಯ್ಮೆಂಟ್ ಟ್ಯಾಕ್ಸ್ 620 ಡಾಲರ್ ಆಸುಪಾಸು. ಅಂಗಡಿಯವ್ರು ಇದ್ಯಾವ್ದನ್ನೂ ಹೇಳಿರ್ಲಿಲ್ಲ, ದುಡ್ಡು ಆಗ್ಲೇ ಖರ್ಚಾಗಿತ್ತು, ಹುಡುಗಿ ಕಣ್ಣಲ್ಲಿ ನೀರು.

ಇಷ್ಟು ತಾಪತ್ರಯ ಇದ್ರೆ ಈ ದುಡ್ಡೇ ಬೇಡ, ಓದೂ ಹಾಳು, ಮೊದಲಿನ ಹಾಗೆ ನಿಷೇಧ ಮಾಡ್ಲಿ ಅಂತ ಕೆಲವು ಅಪ್ಪ ಅಮ್ಮ ಹೇಳ್ತಾರೆ. ನಾನು ಒಪ್ಪಲ್ಲ. ಮೊದಲು ಹೇಗಿತ್ತು ಅಂತ ನೆನಪಿರ್ಲಿ. 2010ರ ಕೊನೇಲಿ ಒಹಾಯೋ ಸ್ಟೇಟ್ ಯೂನಿವರ್ಸಿಟಿಯ ಐದು ಜನ ಫುಟ್‌ಬಾಲ್ ಹುಡುಗರನ್ನ ಕಾಲೇಜ್ ಆಟಗಳನ್ನ ನಡೆಸೋ ಸಂಸ್ಥೆ ಎನ್‌ಸಿಎಎ ಐದೈದು ಮ್ಯಾಚ್ ಆಚೆ ಕೂರಿಸ್ತು, ಅವರ ತಪ್ಪು ಏನಪ್ಪಾ ಅಂದ್ರೆ ತಾವೇ ಆಡಿ ಗೆದ್ದ ಉಂಗುರ, ಜೆರ್ಸಿ ಮಾರಿಕೊಂಡಿದ್ದು, ಟ್ಯಾಟೂ ಕಮ್ಮಿಗೆ ಹಾಕಿಸ್ಕೊಂಡಿದ್ದು. 2014ರಲ್ಲಿ ಕನೆಕ್ಟಿಕಟ್ ಟೀಮ್ ಬ್ಯಾಸ್ಕೆಟ್‌ಬಾಲ್ ಚಾಂಪಿಯನ್ ಆದಾಗ ಅದರ ಸ್ಟಾರ್ ಶಬಾಜ್ ನೇಪಿಯರ್, ಕೆಲವು ರಾತ್ರಿ ಹಸ್ಕೊಂಡೇ ಮಲಗ್ತೀನಿ ಅಂತ ರಿಪೋರ್ಟರ್‌ಗಳ ಮುಂದೆ ಹೇಳ್ದ. ಅದೇ ಟೂರ್ನಿಯ ಟಿವಿ ಹಕ್ಕಿಂದ ಕೋಟಿಗಟ್ಟಲೆ ಡಾಲರ್ ಬರ್ತಿತ್ತು, ಕೋಚ್‌ಗಳಿಗೆ ಲಕ್ಷಗಟ್ಟಲೆ ಸಂಬಳ, ಆಡೋನಿಗೆ ಊಟಕ್ಕೆ ತತ್ವಾರ. ಸ್ಕಾಲರ್‌ಶಿಪ್ ಮೇಲೆ ಪಿಟೀಲು ಕಲಿಯೋ ಸ್ಟೂಡೆಂಟ್ ವೀಕೆಂಡಲ್ಲಿ ಮದುವೆ ಮನೇಲಿ ನುಡಿಸಿ ದುಡ್ಡು ತಗೊಂಡ್ರೆ ಓದು ಹಾಳಾಯ್ತು ಅಂತ ಯಾರೂ ಅನ್ನಲ್ಲ, ಆಟಗಾರನಿಗೆ ಮಾತ್ರ ಯಾಕೆ ಆ ಮಾತು?

2021 ಜೂನಲ್ಲಿ, ಆಟಗಾರರಿಗೆ ಕೊಡೋ ಓದಿನ ಸೌಲಭ್ಯದ ಮಿತಿ ಪ್ರಶ್ನಿಸಿದ ಆಲ್‌ಸ್ಟನ್ ಕೇಸಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತಕ್ಕೆ ಒಂಬತ್ತೂ ಜಡ್ಜುಗಳು ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ರು. ಜುಲೈ 1ರಿಂದ ಆಟಗಾರರಿಗೆ ತಮ್ಮ ಹೆಸರು, ಮುಖ ಬಳಸಿಕೊಂಡು ದುಡಿಯೋಕೆ ದಾರಿ ಆಯ್ತು, ಇದನ್ನೇ ಎನ್‌ಐಎಲ್ ಅನ್ನೋದು. 2025ರಲ್ಲಿ, ಆಟಗಾರರು ಎನ್‌ಸಿಎಎ ಮೇಲೆ ಹಾಕಿದ್ದ ಹೌಸ್ ಕೇಸ್ ರಾಜಿ ಆದ್ಮೇಲೆ ಕಾಲೇಜುಗಳೇ ನೇರವಾಗಿ ದುಡ್ಡು ಕೊಡಬಹುದು, ಮೊದಲ ವರ್ಷಕ್ಕೆ ಒಂದು ಕಾಲೇಜಿಗೆ 2.05 ಕೋಟಿ ಡಾಲರ್ ಮಿತಿ. ಅದರಲ್ಲಿ ಬಹುಪಾಲು ಫುಟ್‌ಬಾಲು, ಗಂಡುಮಕ್ಕಳ ಬ್ಯಾಸ್ಕೆಟ್‌ಬಾಲಿಗೇ ಹೋಗುತ್ತೆ, ನಮ್ಮ ಮಕ್ಕಳು ಜಾಸ್ತಿ ಆಡೋ ಟೆನಿಸ್ಸು, ಗಾಲ್ಫು, ಈಜಿಗೆ ಅಂಗಡಿ ಶೂಗಳೇ ಗತಿ.

ಅದಕ್ಕೆ ನನ್ನ ಹತ್ರ ಬರೋರಿಗೆಲ್ಲ ಹೇಳೋದು, ಬೇರೆ ಬ್ಯಾಂಕ್ ಅಕೌಂಟ್ ತೆಗೀರಿ, ಬಂದಿದ್ರಲ್ಲಿ ಮೂರನೇ ಒಂದು ಭಾಗ ಮುಟ್ಟಬೇಡಿ, ಬಂದ ಪ್ರತಿ ಸಾಮಾನಿನ ಬೆಲೆ ಅವತ್ತೇ ಬರೆದಿಡಿ. ಮದುವೆ ಮನೇಲಿ ಮುಯ್ಯಿ ಪುಸ್ತಕ ಇಡ್ತೀವಲ್ಲ, ಹಾಗೆ.

ಆದ್ರೆ ನನಗೆ ನಿಜವಾಗ್ಲೂ ಹೊಟ್ಟೆ ಉರಿಯೋದು ವೀಸಾ ಮಕ್ಕಳ ವಿಷಯದಲ್ಲಿ. ಅಪ್ಪ ಅಮ್ಮನ ಕೆಲಸದ ವೀಸಾ ಎಚ್-1ಬಿ ಮೇಲೆ, ಅವಲಂಬಿತರ ಎಚ್-4 ವೀಸಾದಲ್ಲಿರೋ ಮಕ್ಕಳು ಇಲ್ಲಿ ದುಡಿಯೋ ಹಾಗಿಲ್ಲ, ಓದೋಕೆ ಬಂದ ಎಫ್-1 ವೀಸಾ ಸ್ಟೂಡೆಂಟ್‌ಗೂ ಕ್ಯಾಂಪಸ್ ಆಚೆ ಪರ್ಮಿಷನ್ ಇಲ್ದೆ ಕೆಲಸ ಇಲ್ಲ, ಇನ್‌ಸ್ಟಾಗ್ರಾಮ್ ಪೋಸ್ಟಿಗೆ ಶೂ ತಗೊಂಡ್ರೂ ಅದನ್ನ ಕೆಲಸ ಅಂತ ನೋಡೋ ಅಪಾಯ ಇದೆ, ಹೋಗೋದು ವೀಸಾನೇ. ಕಾಂಗೋ ಹುಡುಗ ಆಸ್ಕರ್ ಶೀಬ್ವೆ ಕೆಂಟಕಿ ಯೂನಿವರ್ಸಿಟಿಗೆ ಬ್ಯಾಸ್ಕೆಟ್‌ಬಾಲ್ ಆಡುವಾಗ 2022ರಲ್ಲಿ ಟೀಮ್ ಜೊತೆ ಬಹಾಮಾಸ್‌ಗೆ ಹೋಗಿ ಅಲ್ಲಿ ಎನ್‌ಐಎಲ್ ಕೆಲಸ ಮುಗಿಸ್ಕೊಂಡು ಬಂದ, ದೇಶದ ಆಚೆ ಮಾಡಿದ್ದು ಅಂತ. ಅಂಥ ಸ್ಟಾರ್‌ಗೆ ವಕೀಲರಿರ್ತಾರೆ, ವಿದೇಶದ ಟೂರ್ ಇರುತ್ತೆ. ನಮ್ಮ ಹುಡುಗರಿಗೆ ಎಲ್ಲಿಂದ ಬರ್ಬೇಕು? ಸಹಿ ಹಾಕೋಕೆ ಮೊದಲು ಇಮಿಗ್ರೇಶನ್ ವಕೀಲರನ್ನ ಕೇಳಿ, ನನ್ನಂಥ ಟ್ಯಾಕ್ಸಿನವರನ್ನ ಆಮೇಲೆ.

ಈ ಏಪ್ರಿಲಲ್ಲಿ ಅಂಥ ಒಬ್ಬ ಎಚ್-4 ಹುಡುಗ ಬಂದಿದ್ದ, ನಾಲ್ಕನೇ ವರ್ಷಕ್ಕೆ ಈ ದೇಶಕ್ಕೆ ಬಂದವನು, ಟೀಮಿಗೆ ಕ್ಯಾಪ್ಟನ್ನು. ಟೀಮಿನ ಉಳಿದವ್ರಿಗೆಲ್ಲ ಒಂದು ಕಂಪನಿ ಶೂ ಕೊಟ್ಟಿದೆ, ಇವನಿಗೂ ಬಂದಿದೆ. ಬಾಕ್ಸ್ ತೆಗ್ದಿರ್ಲಿಲ್ಲ. ವಕೀಲರು ಬೇಡ ಅಂದ್ರಂತೆ, ವಾಪಸ್ ಕಳಿಸೋಕೆ ಅದರ ಮೇಲೆ ಕೊರಿಯರ್ ಲೇಬಲ್ ಅಂಟಿಸ್ಕೊಂಡೇ ಬಂದಿದ್ದ, "ಅಂಕಲ್, ಇದನ್ನೂ ಎಲ್ಲಾದ್ರೂ ಬರೀಬೇಕಾ?" ಅಂತ ಕೇಳ್ದ. ಬೇಡಪ್ಪಾ ಅಂದೆ.