ಹಳೆಯ ಪಿಕಪ್ಪಿನ ವಿದ್ಯುತ್ ದೋಷ ಮತ್ತು ಗೇರ್‌ಬಾಕ್ಸ್ ದೋಷ: ಬಿಚ್ಚುವ ಮೊದಲು ಅಳೆಯುವುದು

ಕ್ಲಚ್ ಪೆಡಲ್ ಗಟ್ಟಿಯಾಗಿದೆ ಎಂಬ ದೂರಿನೊಂದಿಗೆ ಹೊಸನಗರ ಕಡೆಯ ಅಡಿಕೆ ಬೆಳೆಗಾರರೊಬ್ಬರ ಹಳೆಯ ಡೀಸೆಲ್ ಪಿಕಪ್, ನಾನು ಕೆಲಸ ಕಲಿಯುತ್ತಿರುವ ಶಿವಮೊಗ್ಗದ ಗ್ಯಾರೇಜಿಗೆ ಬಂದಿತ್ತು. ಆ ಒಂದೇ ಮಳೆಗಾಲದಲ್ಲಿ ಬೇರೆ ಬೇರೆ ಕಡೆ ಎರಡು ಬಾರಿ ಕ್ಲಚ್ ಕೇಬಲ್ ಹಾಕಿಸಿಯಾಗಿದೆ, ಬೆಳಗಿನ ಹೊತ್ತು ಎಂಜಿನ್ ಸ್ಟಾರ್ಟ್ ಮಾಡುವ ಸೆಲ್ಫ್ ಕೂಡ ನಿಧಾನವಾಗಿ ತಿರುಗುತ್ತದೆ ಎಂದು ಮಾಲೀಕರು ಹೇಳಿದರು. ಸೆಲ್ಫಿನ ವಿಷಯವನ್ನು ಅವರು ಬೇರೆಯೇ ದೂರೆಂದು ಕೊನೆಯಲ್ಲಿ ಸೇರಿಸಿದ್ದರಿಂದ ನಾನೂ ಅದನ್ನು ಪುಸ್ತಕದಲ್ಲಿ ಬೇರೆಯಾಗಿಯೇ ಬರೆದುಕೊಂಡೆ. ಕೇಬಲ್ ಬಿಚ್ಚಿ ತೆಗೆದಾಗ ಒಳಗಿನ ಪ್ಲಾಸ್ಟಿಕ್ ಪದರ ಕರಗಿ ತಂತಿಗೆ ಅಂಟಿಕೊಂಡಿತ್ತು. ಮೂರನೆಯ ಕೇಬಲ್ ತರಲು ಹೊರಟ ನನ್ನನ್ನು ಮೇಸ್ತ್ರಿಗಳು ತಡೆದು, "ಹೊಸದು ಆಮೇಲೆ ತಗೊಂಡು ಬಾ ಮಾರಾಯ, ಇದು ಯಾಕೆ ಸುಟ್ಟಿತು ಅಂತ ಮೊದಲು ಹೇಳು" ಎಂದರು. ಈ ಟಿಪ್ಪಣಿ ಆ ಪ್ರಶ್ನೆಯಿಂದ ಹುಟ್ಟಿದ್ದು.

ಎಂಜಿನ್ ಮತ್ತು ಗೇರ್‌ಬಾಕ್ಸ್ ಚಾಸಿಯ (ಗಾಡಿಯ ಕಬ್ಬಿಣದ ಚೌಕಟ್ಟಿನ) ಮೇಲೆ ನೇರವಾಗಿ ಕುಳಿತಿರುವುದಿಲ್ಲ, ರಬ್ಬರ್ ಮೌಂಟಿಂಗ್‌ಗಳ ಮೇಲೆ ಕುಳಿತಿರುತ್ತವೆ. ರಬ್ಬರ್ ವಿದ್ಯುತ್ತನ್ನು ಹರಿಯಗೊಡದು. ಸೆಲ್ಫ್ ಮೋಟರ್ ಎಂಜಿನ್ನಿಗೆ ಕಚ್ಚಿಕೊಂಡಿರುವುದರಿಂದ, ಬ್ಯಾಟರಿಯ ಪಾಸಿಟಿವ್ ಕಡೆಯಿಂದ ಬಂದ ವಿದ್ಯುತ್ ಮೋಟರನ್ನು ತಿರುಗಿಸಿ ಎಂಜಿನ್ ಬ್ಲಾಕಿಗೆ ಇಳಿದ ಮೇಲೆ ಬ್ಯಾಟರಿಯ ನೆಗೆಟಿವ್‌ಗೆ ಮರಳಲು, ಎಂಜಿನ್ ಮತ್ತು ಚಾಸಿಯ ನಡುವೆ ಬಿಗಿದಿರುವ ಹೆಣೆದ ತಾಮ್ರದ ಅರ್ಥಿಂಗ್ ಪಟ್ಟಿಯೇ ದಾರಿ. ಆ ಪಟ್ಟಿ ತುಕ್ಕು ಹಿಡಿದರೆ ವಿದ್ಯುತ್ ಸುಮ್ಮನಿರುವುದಿಲ್ಲ. ಎಂಜಿನ್ನಿಗೂ ಬಾಡಿಗೂ ತಾಗಿರುವ ಬೇರೆ ಯಾವುದೇ ಲೋಹದ ಮೂಲಕ, ಎಂದರೆ ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಸ್ಪೀಡೋಮೀಟರ್ ಕೇಬಲ್ ಇವುಗಳ ಮೂಲಕ ಹಿಂದಿರುಗಲು ನೋಡುತ್ತದೆ. ಡೀಸೆಲ್ ಎಂಜಿನ್ನಿನ ಸೆಲ್ಫ್ 200 ಆಂಪಿಯರ್ ಅಥವಾ ಅದಕ್ಕಿಂತ ಹೆಚ್ಚು ಎಳೆಯುವಾಗ ಅದರ ಒಂದು ಪಾಲು ಹರಿದರೂ ತೆಳ್ಳನೆಯ ಕೇಬಲ್ ಕಾಯದೆ ಇರಲು ಸಾಧ್ಯವಿಲ್ಲ. ಕ್ಲಚ್ಚಿನ ದೂರಿನ ಮೂಲ ಅರ್ಥಿಂಗ್‌ನಲ್ಲಿತ್ತು, ಮತ್ತು ಮಾಲೀಕರ ಎರಡು ದೂರುಗಳು ವಾಸ್ತವದಲ್ಲಿ ಒಂದೇ ಆಗಿದ್ದವು.

ವೋಲ್ಟೇಜ್ ಕುಸಿತವನ್ನು ಅಳೆಯುವ ಕ್ರಮ

ಇಂಥ ದೋಷವನ್ನು ಓಮ್ ಅಳತೆಯಿಂದ ಹಿಡಿಯಲು ಹೋಗಿ ನಾನು ಮೊದಲು ಮೋಸಹೋದೆ. ಹೆಣೆದ ಪಟ್ಟಿಯಲ್ಲಿ ನಾಲ್ಕೇ ಎಳೆ ಉಳಿದಿದ್ದರೂ ಸಾಮಾನ್ಯ ಮಲ್ಟಿಮೀಟರ್ ಬಹುತೇಕ ಸೊನ್ನೆ ಓಮ್ ತೋರಿಸಿ, ಬೀಪ್ ಎಂದು ಸದ್ದನ್ನೂ ಮಾಡುತ್ತದೆ. ಮೀಟರ್ ಕಳುಹಿಸುವ ವಿದ್ಯುತ್ ಅತ್ಯಲ್ಪವಾದುದರಿಂದ ಅದಕ್ಕೆ ನಾಲ್ಕು ಎಳೆ ಧಾರಾಳವಾಗಿ ಸಾಕು. ಆದರೆ ಜೋಡಣೆಯೊಂದರಲ್ಲಿ ಕೇವಲ 0.01 ಓಮ್ ತಡೆ ಇದ್ದರೂ, 200 ಆಂಪಿಯರ್ ಹರಿಯುವಾಗ ಅಲ್ಲಿ 2 ವೋಲ್ಟ್ ಕಳೆದುಹೋಗುತ್ತದೆ ಮತ್ತು 400 ವ್ಯಾಟ್‌ನಷ್ಟು ಶಕ್ತಿ ಆ ಒಂದು ಬೋಲ್ಟಿನ ಸುತ್ತ ಬಿಸಿಯಾಗಿ ಹೋಗುತ್ತದೆ. ಆದ್ದರಿಂದ ಸೆಲ್ಫ್ ಹೊಡೆಯುತ್ತಿರುವಾಗಲೇ ವೋಲ್ಟ್ ಅಳೆಯಬೇಕು.

ಗಾಡಿ ನ್ಯೂಟ್ರಲ್‌ನಲ್ಲಿರಬೇಕು, ಹ್ಯಾಂಡ್ ಬ್ರೇಕ್ ಎಳೆದಿರಬೇಕು, ಎಂಜಿನ್ ಸ್ಟಾರ್ಟ್ ಆಗದಂತೆ ಡೀಸೆಲ್ ಪಂಪಿನ ಸೊಲೆನಾಯ್ಡ್ (ಡೀಸೆಲ್ ಹರಿವನ್ನು ತೆರೆಯುವ ವಿದ್ಯುತ್ ಕವಾಟ) ತಂತಿಯನ್ನು ಕಳಚಿರಬೇಕು. ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೇ ಒತ್ತಬೇಕು. ಕಂಬದ ಮೇಲಿನ ಕ್ಲಾಂಪಿಗೆ ಒತ್ತಿದರೆ ಕಂಬ ಮತ್ತು ಕ್ಲಾಂಪ್ ನಡುವಿನ ದೋಷ ಅಳತೆಗೆ ಸಿಗುವುದಿಲ್ಲ. ಇನ್ನೊಂದು ತುದಿಯನ್ನು ಎಂಜಿನ್ ಬ್ಲಾಕಿನ ಬಣ್ಣವಿಲ್ಲದ ಜಾಗಕ್ಕೆ ಒತ್ತಿ, ಜೊತೆಯವರಿಂದ ನಾಲ್ಕೈದು ಸೆಕೆಂಡು ಸೆಲ್ಫ್ ಹೊಡೆಸಬೇಕು. ನೆಗೆಟಿವ್ ಕಡೆ 0.2 ವೋಲ್ಟ್‌ಗಿಂತ, ಪಾಸಿಟಿವ್ ಕಂಬದಿಂದ ಸೆಲ್ಫಿನ ಟರ್ಮಿನಲ್‌ವರೆಗೆ 0.5 ವೋಲ್ಟ್‌ಗಿಂತ ಹೆಚ್ಚು ಕುಸಿತ ಇರಬಾರದೆಂಬುದು ನಾವು ಇಟ್ಟುಕೊಂಡಿರುವ ಮಿತಿ. ಆ ಪಿಕಪ್ಪಿನಲ್ಲಿ ನೆಗೆಟಿವ್ ಕಡೆ 2.4 ವೋಲ್ಟ್ ಬಂದಿತು. ಪಟ್ಟಿಯ ಬೋಲ್ಟನ್ನು ಬಿಚ್ಚಿದಾಗ ಅದರ ಕಣ್ಣಿನೊಳಗೆ ಹಸಿರು ಪುಡಿ, ಕೆಳಗೆ ಚಾಸಿಯ ಬಣ್ಣ ಉಬ್ಬಿ ಹಾಳೆಹಾಳೆಯಾಗಿ ಏಳುವ ತುಕ್ಕು. ಚಾಸಿಯನ್ನು ಬಿಳಿ ಕಬ್ಬಿಣ ಕಾಣುವವರೆಗೆ ಉಜ್ಜಿ, ಹೊಸ ಪಟ್ಟಿ ಬಿಗಿದು, ಮೇಲೆ ಗ್ರೀಸ್ ಸವರಿ ಮತ್ತೆ ಅಳೆದಾಗ 0.15 ಬಂದಿತು. ಕ್ಲಚ್ ಕೇಬಲ್ಲನ್ನು ಆ ಬಳಿಕವೇ ಹಾಕಿದೆವು.

ಸೆಲ್ಫ್ ನಿಧಾನವೆಂದ ಕೂಡಲೇ ಬ್ಯಾಟರಿ ಹೋಯಿತೆನ್ನುವ ಅಭ್ಯಾಸ ನಮ್ಮಲ್ಲಿ ಬಹಳ. ಒಂದು ಅಳತೆ ಇದನ್ನು ತೀರ್ಮಾನಿಸುತ್ತದೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿ ಕಂಬಗಳ ನಡುವಿನ ವೋಲ್ಟೇಜ್ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ ಅಥವಾ ಸೆಲ್ಫ್ ಮೋಟರ್ ಮಿತಿಮೀರಿ ಎಳೆಯುತ್ತಿದೆ. ಸೆಲ್ಫ್ ನಿಧಾನವಾಗಿದ್ದೂ ಬ್ಯಾಟರಿ 11 ವೋಲ್ಟ್‌ಗಿಂತ ಮೇಲೆಯೇ ನಿಂತಿದ್ದರೆ, ಬ್ಯಾಟರಿಯಿಂದ ವಿದ್ಯುತ್ ಹೊರಗೆ ಹೋಗಲಾಗದೆ ಎಲ್ಲೋ ತಡೆ ಇದೆ ಎಂದರ್ಥ. ಅಂತಹ ಗಾಡಿಗೆ ಹೊಸ ಬ್ಯಾಟರಿ ಹಾಕಿದರೆ ಮಾಲೀಕರ ಹಣ ಹೋಗುತ್ತದೆ, ದೋಷ ಹೋಗುವುದಿಲ್ಲ. ಎಂಜಿನ್ ಬಂದ್ ಮಾಡಿ ಕೆಲವು ಗಂಟೆ ಬಿಟ್ಟ ಬ್ಯಾಟರಿ ಪೂರ್ಣ ಚಾರ್ಜ್ ಆಗಿದ್ದರೆ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.2 ಎಂದರೆ ಅರ್ಧ ಖಾಲಿ. ಎಂಜಿನ್ ಓಡುವಾಗ 13.8ರಿಂದ 14.5 ಇರಬೇಕು.

ಚಾರ್ಜಿಂಗ್ ನೋಡಲು, ಓಡುತ್ತಿರುವ ಎಂಜಿನ್ನಿನಲ್ಲಿ ಬ್ಯಾಟರಿ ತಂತಿ ಕಳಚಿ "ಡೈನಮೋ ಸರಿ ಇದೆ, ಗಾಡಿ ಬಂದ್ ಬೀಳಲಿಲ್ಲ" ಎನ್ನುವ ಹಳೆಯ ಪದ್ಧತಿಯನ್ನು ದಯವಿಟ್ಟು ಬಿಡಬೇಕು. ಹೆಸರು ಡೈನಮೋ ಎಂದೇ ಉಳಿದಿದ್ದರೂ ಈಗಿರುವುದು ಆಲ್ಟರ್ನೇಟರ್. ಬ್ಯಾಟರಿ ಎಂಬ ಆಸರೆ ತಪ್ಪಿದ ಕ್ಷಣದಲ್ಲಿ ವೋಲ್ಟೇಜ್ ಏರಿ ಅದರ ಡಯೋಡ್‌ಗಳು ಸುಡಬಹುದು. ಅದಕ್ಕಿಂತ ಮಿಗಿಲಾಗಿ, ಪಂಪಿನಲ್ಲಿ ಸೊಲೆನಾಯ್ಡ್ ಇಲ್ಲದ ಸಾಂಪ್ರದಾಯಿಕ ಡೀಸೆಲ್ ಎಂಜಿನ್ನು ವಿದ್ಯುತ್ತೇ ಇಲ್ಲದೆ ಓಡುವುದರಿಂದ ಅದು ಬಂದ್ ಬೀಳದಿರುವುದು ಆಲ್ಟರ್ನೇಟರಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಚಾರ್ಜ್ ದೀಪದ ಬಲ್ಬನ್ನೂ ನೋಡಬೇಕು. ಹಳೆಯ ಗಾಡಿಗಳಲ್ಲಿ ಆಲ್ಟರ್ನೇಟರಿಗೆ ಮೊದಲ ಪ್ರಚೋದನೆಯ ವಿದ್ಯುತ್ ಹೋಗುವುದು ಆ ಬಲ್ಬಿನ ಮೂಲಕವೇ. ಬಲ್ಬ್ ಸುಟ್ಟಿದ್ದರೆ ಐಡ್ಲಿಂಗ್‌ನಲ್ಲಿ ಚಾರ್ಜಿಂಗ್ ಶುರುವಾಗದೆ ಇರಬಹುದು.

ಫ್ಯೂಸ್ ಮತ್ತೆ ಮತ್ತೆ ಹೋಗುವುದು

ರಿವರ್ಸ್ ಗೇರ್ ಹಾಕಿದಾಗ ಮಾತ್ರ ಫ್ಯೂಸ್ ಹೋಗುವ ಗಾಡಿಗಳು ಬರುತ್ತವೆ. ರಿವರ್ಸ್ ದೀಪದ ಸ್ವಿಚ್ ಗೇರ್‌ಬಾಕ್ಸಿನ ಮೇಲೆಯೇ ಇದ್ದು, ಅದರ ತಂತಿ ಕ್ಲಿಪ್ ಕಳಚಿಕೊಂಡು ಚಾಸಿಗೆ ಉಜ್ಜಿ ಸವೆದಿರುತ್ತದೆ. ಅಡಿಕೆ ಮೂಟೆ ತುಂಬುವ ಗೋದಾಮಿನ ಪಕ್ಕ ನಿಲ್ಲಿಸುವ ಗಾಡಿಯಾದರೆ ಇಲಿಯ ಹಲ್ಲೂ ಇರಬಹುದು. ಒಂದರ ಮೇಲೊಂದು ಫ್ಯೂಸ್ ಸುಡುವ ಬದಲು, ಫ್ಯೂಸಿನ ಜಾಗದಲ್ಲಿ ಎರಡು ತಂತಿ ಕೊಟ್ಟು 21 ವ್ಯಾಟ್ ಬಲ್ಬನ್ನು ಜೋಡಿಸಬೇಕು. ಶಾರ್ಟ್ ಇದ್ದಾಗ ಬಲ್ಬ್ ಪೂರ್ತಿ ಬೆಳಗುತ್ತದೆ, ತಂತಿಯೂ ಸುಡುವುದಿಲ್ಲ. ವೈರಿಂಗನ್ನು ಅಡಿಯಿಂದ ಒಂದೊಂದು ಗೇಣು ಅಲುಗಾಡಿಸುತ್ತ ಹೋದರೆ, ಯಾವ ಜಾಗದಲ್ಲಿ ಬಲ್ಬ್ ಇದ್ದಕ್ಕಿದ್ದಂತೆ ಮಂಕಾಗುತ್ತದೋ ಅಲ್ಲಿ ದೋಷ. ದೊಡ್ಡ ಫ್ಯೂಸ್ ಅಥವಾ ತಾಮ್ರದ ತಂತಿ ಸುತ್ತಿ ಕಳುಹಿಸುವುದು ಗಾಡಿಗೆ ಬೆಂಕಿ ಇಟ್ಟಂತೆ.

ರಾತ್ರಿ ನಿಲ್ಲಿಸಿದಾಗ ಬ್ಯಾಟರಿ ಇಳಿಯುವುದಾದರೆ ನೆಗೆಟಿವ್ ತಂತಿಯ ನಡುವೆ ಆಂಪಿಯರ್ ಮೀಟರ್ ಸೇರಿಸಿ ನೋಡಬೇಕು. 50 ಮಿಲಿಆಂಪಿಯರ್‌ಗಿಂತ ಹೆಚ್ಚಿದ್ದರೆ, ಫ್ಯೂಸ್‌ಗಳನ್ನು ಒಂದೊಂದಾಗಿ ತೆಗೆಯುತ್ತ ಯಾವುದರಲ್ಲಿ ಇಳಿಯುತ್ತದೆಂದು ಹುಡುಕಬೇಕು. ಇದು ತಾಳ್ಮೆಯ ಕೆಲಸ, ವಿದ್ಯೆಯ ಕೆಲಸವಲ್ಲ.

ಕ್ಲಚ್ ಮತ್ತು ಗೇರ್‌ಬಾಕ್ಸಿನ ಸದ್ದು ಹೇಳುವುದೇನು

ಗೇರ್‌ಬಾಕ್ಸ್ ಇಳಿಸುವುದು ಒಂದು ದಿನದ ಕೆಲಸ. ಇಳಿಸದೆಯೇ ಅದರ ಬಹುಪಾಲು ಸಂಗತಿಯನ್ನು ಕ್ಲಚ್ ಪೆಡಲ್ ಮತ್ತು ಕಿವಿಯಿಂದ ತಿಳಿಯಬಹುದು. ಎಂಜಿನ್ ಓಡುತ್ತಿದೆ, ಗೇರ್ ನ್ಯೂಟ್ರಲ್‌ನಲ್ಲಿದೆ, ಪೆಡಲ್ ಮೇಲೆ ಕಾಲಿಲ್ಲ ಎಂದಿಟ್ಟುಕೊಳ್ಳೋಣ. ಆಗ ಎಂಜಿನ್ನಿನ ತಿರುಗನ್ನು ಗೇರ್‌ಬಾಕ್ಸಿನೊಳಗೆ ತರುವ ಇನ್‌ಪುಟ್ ಶಾಫ್ಟ್ ಮತ್ತು ಅದರಿಂದ ತಿರುಗುವ ಕೆಳಗಿನ ಲೇ ಶಾಫ್ಟ್ ತಿರುಗುತ್ತಿರುತ್ತವೆ. ಆ ಸ್ಥಿತಿಯಲ್ಲಿ ಗೊರಗೊರ ಸದ್ದಿದ್ದು, ಪೆಡಲ್ ಪೂರ್ತಿ ಒತ್ತಿದಾಗ ನಿಂತರೆ ಇನ್‌ಪುಟ್ ಅಥವಾ ಲೇ ಶಾಫ್ಟಿನ ಬೇರಿಂಗ್ ಮೇಲೆ ಅನುಮಾನ ಪಡಬೇಕು. ಒತ್ತಿದಾಗಲೇ ಸದ್ದು ಶುರುವಾದರೆ, ಪೆಡಲ್ ಒತ್ತಿದಾಗ ಕ್ಲಚ್ಚನ್ನು ತಳ್ಳುವ ರಿಲೀಸ್ ಬೇರಿಂಗ್. ಓಡಿಸುವಾಗ ಎಲ್ಲ ಗೇರಿನಲ್ಲೂ ಸದ್ದಿದ್ದು ನಾಲ್ಕನೆಯದರಲ್ಲಿ ಮಾತ್ರ ಕಡಿಮೆಯಾಗುವುದಾದರೆ ಲೇ ಶಾಫ್ಟನ್ನೇ ಹಿಡಿಯಬಹುದು. ನಾಲ್ಕನೆಯದು ಡೈರೆಕ್ಟ್ ಗೇರ್ (ಇನ್‌ಪುಟ್ ಶಾಫ್ಟ್ ನೇರವಾಗಿ ಔಟ್‌ಪುಟ್‌ಗೆ ಸೇರುವ ಗೇರ್) ಆಗಿರುವ ಗಾಡಿಗಳಲ್ಲಿ ಆಗ ಲೇ ಶಾಫ್ಟ್ ತಿರುಗಿದರೂ ಭಾರ ಹೊರುವುದಿಲ್ಲ.

ಗೇರ್ ಬೀಳುವಾಗ ಕರಕರ ಎನ್ನುವುದಕ್ಕೆ ಎರಡು ಕಾರಣಗಳನ್ನು ಬೇರ್ಪಡಿಸಬೇಕು. ಕ್ಲಚ್ ಪೂರ್ತಿ ಬಿಡದಿರುವುದು, ಎಂದರೆ ಗೇರ್‌ಬಾಕ್ಸನ್ನು ಎಂಜಿನ್ನಿನಿಂದ ಬೇರ್ಪಡಿಸದಿರುವುದು ಒಂದು, ಗೇರುಗಳ ವೇಗ ಹೊಂದಿಸುವ ಸಿಂಕ್ರೊ ರಿಂಗ್ ಸವೆದಿರುವುದು ಇನ್ನೊಂದು. ಪೆಡಲ್ ಒತ್ತಿ ನಾಲ್ಕೈದು ಸೆಕೆಂಡು ಕಾದು ರಿವರ್ಸ್ ಹಾಕಿದರೂ ಹಲ್ಲು ಕಡಿದರೆ ಕ್ಲಚ್ ಬಿಡುತ್ತಿಲ್ಲ. ರಿವರ್ಸ್ ಸಲೀಸಾಗಿ ಬಿದ್ದು, ಓಡುವಾಗ ಎರಡನೆಯದೋ ಮೂರನೆಯದೋ ಒಂದು ಗೇರ್ ಮಾತ್ರ ಕಡಿದರೆ ಸಿಂಕ್ರೊ. ನಮ್ಮ ಆ ಪಿಕಪ್ಪಿನಲ್ಲಿ ಎಲ್ಲ ಗೇರುಗಳೂ ಕಡಿಯುತ್ತಿದ್ದವು, ಕೇಬಲ್ ಸರಿಯಾದ ದಿನವೇ ಆ ಕಡಿತವೆಲ್ಲ ನಿಂತಿತು. ಯಾರಾದರೂ ಗೇರ್‌ಬಾಕ್ಸ್ ಇಳಿಸಿದ್ದರೆ ಒಳಗೆ ಒಂದು ದೋಷವೂ ಸಿಗುತ್ತಿರಲಿಲ್ಲ.

ಘಟ್ಟ ಇಳಿಯುವಾಗ ಗೇರ್ ತಾನಾಗಿ ಹಾರುವ ದೂರು ಮಲೆನಾಡಿನಲ್ಲಿ ಹೆಚ್ಚು. ಆಗುಂಬೆಯ 14 ಹೇರ್‌ಪಿನ್ ತಿರುವುಗಳನ್ನು ಎಂಜಿನ್ ಬ್ರೇಕಿನಲ್ಲಿ ಇಳಿಯುವಾಗ ಚಕ್ರಗಳೇ ಎಂಜಿನ್ನನ್ನು ತಿರುಗಿಸುವುದರಿಂದ ಗೇರ್ ಹಲ್ಲುಗಳ ಮೇಲಿನ ಒತ್ತಡ ತಿರುಗುಮುರುಗಾಗುತ್ತದೆ. ಏರುವಾಗ ಮುಚ್ಚಿಹೋಗಿದ್ದ ಸವೆತ ಇಳಿಯುವಾಗ ಹೊರಬೀಳುತ್ತದೆ. ಗೇರನ್ನು ಅದರ ಜಾಗದಲ್ಲಿ ಹಿಡಿದಿಡುವ ಸೆಲೆಕ್ಟರಿನ ಗುಂಡು ಮತ್ತು ಸ್ಪ್ರಿಂಗ್, ಗೇರನ್ನು ಶಾಫ್ಟಿಗೆ ಕಚ್ಚಿಸುವ ಡಾಗ್ ಹಲ್ಲು ಸವೆದಿರುವುದು ಇವು ಒಳಗಿನ ಕಾರಣಗಳು. ಆದರೆ ಮೊದಲು ಗೇರ್‌ಬಾಕ್ಸ್ ಮೌಂಟಿಂಗನ್ನು ಸಬ್ಬಲಿನಿಂದ ಎತ್ತಿ ನೋಡಬೇಕು. ರಬ್ಬರ್ ಹರಿದಿದ್ದರೆ ಇಡೀ ಗೇರ್‌ಬಾಕ್ಸೇ ಹಿಂದೆಮುಂದೆ ಸರಿದು ಲಿವರನ್ನು ಎಳೆಯುತ್ತದೆ. ಏರುವಾಗ ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ, ಸುಟ್ಟ ವಾಸನೆಯೇ ಸಾಕ್ಷಿ.

ಗಾಡಿ ಎಳೆಯಲು ಶುರುಮಾಡುವಾಗ ಟಣ್ ಎಂದರೆ ಹಿಂದಿನ ಚಕ್ರಗಳ ಕಡೆಗೆ ತಿರುಗನ್ನು ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಬಾಗುವ ಕೀಲು) ನೋಡಬೇಕು. ಚಕ್ರಕ್ಕೆ ಕಲ್ಲು ಕೊಟ್ಟು, ಶಾಫ್ಟನ್ನು ಕೈಯಿಂದ ತಿರುಚಿದರೆ ಸಡಿಲ ಗೊತ್ತಾಗುತ್ತದೆ. ಕಪ್ಪಿನ ಸುತ್ತ ಕುಂಕುಮದಂಥ ಕೆಂಪು ಪುಡಿ ಕಂಡರೆ ನೀಡಲ್ ಬೇರಿಂಗ್ ಗ್ರೀಸಿಲ್ಲದೆ ಒಣಗಿ ತುಕ್ಕು ತಿಂದಿದೆ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಸುತ್ತಮುತ್ತ ಓಡುವ ಗಾಡಿಗೆ ಬಯಲುಸೀಮೆಯ ಗ್ರೀಸಿಂಗ್ ಲೆಕ್ಕ ಸಾಲದು.

ಗೇರ್ ಆಯಿಲ್ ಕೂಡ ಓದಲು ಬರುವ ದಾಖಲೆ. ಹಿತ್ತಾಳೆಯ ಮಿನುಗು ಸಿಂಕ್ರೊ ರಿಂಗಿನಿಂದ, ಅಯಸ್ಕಾಂತಕ್ಕೆ ಹತ್ತುವ ಚೂರು ಗೇರ್ ಅಥವಾ ಬೇರಿಂಗಿನಿಂದ. ಹಾಲು ಬೆರೆಸಿದಂತಿದ್ದರೆ ನೀರು ಸೇರಿದೆ. ಬಿಸಿಯಾದ ಗೇರ್‌ಬಾಕ್ಸ್ ತುಂಬಿದ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರ್ (ಗಾಳಿಯಾಡುವ ರಂಧ್ರ) ಮತ್ತು ಸೀಲುಗಳ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ. ಆಯಿಲ್ ಬದಲಿಸುವಾಗ ಕೈಪಿಡಿಯಲ್ಲಿ ಆಯಿಲಿನ ದರ್ಜೆ ಜಿಎಲ್-4 ಎಂದಿದ್ದರೆ ಜಿಎಲ್-5 ಇನ್ನೂ ಮೇಲಿನದೆಂದು ಹಾಕಬಾರದು. ಡಿಫರೆನ್ಷಿಯಲ್‌ಗೆ ಬೇಕಾದ ಅದರ ಗಂಧಕದ ಅಂಶ ಹಿತ್ತಾಳೆಯ ರಿಂಗನ್ನು ತಿನ್ನಬಹುದು. ಮತ್ತು ಡ್ರೈನ್ ಪ್ಲಗ್ ಬಿಚ್ಚುವ ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿ ಬರುತ್ತದೆಯೇ ಎಂದು ನೋಡಬೇಕು. ನಾನು ನೋಡದೆ ಒಮ್ಮೆ ಆಯಿಲ್ ಇಳಿಸಿಬಿಟ್ಟೆ. ತುಕ್ಕು ಹಿಡಿದ ಫಿಲ್ಲರ್ ಜಪ್ಪಯ್ಯ ಎನ್ನಲಿಲ್ಲ, ಸಂಜೆಯವರೆಗೆ ಗಾಡಿ ಖಾಲಿ ಗೇರ್‌ಬಾಕ್ಸಿನೊಂದಿಗೆ ಪಿಟ್ಟಿನ ಮೇಲೆಯೇ ನಿಂತಿತ್ತು.