ಬಿದಿರಿನ ಮೀನುಮನೆ ಕೆರೆಯಲ್ಲಿ ನಿಲ್ಲಬೇಕಾದರೆ

ಕೆಲವು ವರ್ಷಗಳ ಹಿಂದೆ ಕಡೂರು ಕಡೆಯ ಒಂದು ಊರಿನ ಕೆರೆಯಲ್ಲಿ, ಬೇಸಿಗೆಯ ಕೊನೆಗೆ ಅಂಗಳ ಒಣಗಿದ್ದಾಗ, ಊರಿನವರ ಜೊತೆ ನಿಂತು ನಾನು ಬಿದಿರಿನ ಮೀನುಮನೆಗಳನ್ನು, ಅಂದರೆ ಮೀನಿನ ಮರಿಗಳು ಅಡಗಲು ನೀರಿನೊಳಗೆ ನಿಲ್ಲಿಸುವ ಬೊಂಬುಗಳ ಗುಂಪುಗಳನ್ನು, ಮಾಡಿಸಿದ್ದೆ. ಹಳೆಯ ಬಕೆಟ್ಟುಗಳಿಗೆ ಕಾಂಕ್ರೀಟು ತುಂಬಿ, ಒಂದೊಂದರಲ್ಲೂ ಎಂಟು ಬೊಂಬುಗಳನ್ನು ನೆಟ್ಟು, ಇಬ್ಬರು ಸೇರಿ ಎತ್ತುವುದೇ ಕಷ್ಟ ಎನ್ನುವಷ್ಟು ಭಾರವಾದಾಗ ಇವು ಕದಲುವುದಿಲ್ಲವೆಂದು ನಂಬಿದ್ದೆವು. ಮಳೆಗಾಲದಲ್ಲಿ ಕೆರೆ ತುಂಬಿದ ಮೇಲೆ ಅವುಗಳಲ್ಲಿ ಹೆಚ್ಚಿನವು ಮಗುಚಿ, ತೇಲಿ, ಕೋಡಿಯ ಬಳಿ ಬಂದು ಸೇರಿಕೊಂಡಿದ್ದವು. ತಪ್ಪು ನನ್ನದೇ ಆಗಿತ್ತು. ಭಾರವನ್ನು ನೆಲದ ಮೇಲೆ ಅಳೆದಿದ್ದೆನೇ ಹೊರತು ನೀರಿನೊಳಗೆ ಅಳೆದಿರಲಿಲ್ಲ.

ಬಿದಿರಿನ ಒಂದೊಂದು ಗೆಣ್ಣಿನ ನಡುವೆಯೂ ಗಾಳಿ ಸೆರೆಯಾಗಿರುತ್ತದೆ. ಮೂರು ಮೀಟರ್ ಉದ್ದದ, 5 ಸೆಂ.ಮೀ. ದಪ್ಪದ, ಸುಮಾರು 8 ಮಿ.ಮೀ. ಗೋಡೆಯ ಒಣ ಬೊಂಬೊಂದನ್ನು ತೆಗೆದುಕೊಳ್ಳೋಣ. ಅದು ಮುಳುಗಿದಾಗ ಸುಮಾರು 5.9 ಲೀಟರ್ ನೀರನ್ನು ಪಕ್ಕಕ್ಕೆ ಸರಿಸುತ್ತದೆ, ಆದರೆ ಅದರ ತೂಕ ಸುಮಾರು 2.2 ಕೆ.ಜಿ. ಮಾತ್ರ, ಉಳಿದ 3.7 ಕೆ.ಜಿ.ಯಷ್ಟು ಬಲ ಅದನ್ನು ಮೇಲಕ್ಕೆ ಎಳೆಯುತ್ತಲೇ ಇರುತ್ತದೆ. ಎಂಟು ಬೊಂಬುಗಳಿಗೆ ಇದು ಹೆಚ್ಚುಕಡಿಮೆ 30 ಕೆ.ಜಿ. ಆಯಿತು. ಇತ್ತ 35 ಕೆ.ಜಿ. ಕಾಂಕ್ರೀಟು ನೀರಿನಲ್ಲಿ ಮುಳುಗಿದಾಗ 20 ಕೆ.ಜಿ.ಯಷ್ಟೇ ತೂಗುತ್ತದೆ. ನಮ್ಮ ಮೀನುಮನೆಗಳು ತೇಲದೆ ಬೇರೆ ದಾರಿಯೇ ಇರಲಿಲ್ಲ.

ಗೆಣ್ಣುಗಳನ್ನು ಒಳಗಿನಿಂದ ಒಡೆದು ನೀರು ತುಂಬಲು ಬಿಟ್ಟರೆ ಅದೇ ಬೊಂಬಿನ ಎಳೆತ ಒಂದು ಕೆ.ಜಿ.ಗೂ ತುಸು ಕೆಳಗೆ ಇಳಿಯುತ್ತದೆ. ಚೂಪಾದ ಉದ್ದನೆಯ ಕಬ್ಬಿಣದ ಸಲಾಕೆಯನ್ನು ಬುಡದ ಕಡೆಯಿಂದ ಹೊಡೆದು ಗೆಣ್ಣುಗಳನ್ನು ಒಡೆಯಬಹುದು. ಆದರೆ ತುದಿಯ ಎರಡು ಗೆಣ್ಣುಗಳ ಗಾಳಿಯನ್ನು ಹಾಗೆಯೇ ಉಳಿಸಿಕೊಳ್ಳಬೇಕೆಂದು ನಾನು ಈಗ ಒತ್ತಾಯಿಸುತ್ತೇನೆ, ಏಕೆಂದರೆ ಮೇಲಿನ ಗಾಳಿ ಬೊಂಬನ್ನು ನೆಟ್ಟಗೆ ಹಿಡಿಯುತ್ತದೆ, ಕೆಳಗಿನ ಭಾರ ಅದನ್ನು ತಳಕ್ಕೆ ಕಟ್ಟಿಹಾಕುತ್ತದೆ, ಅಲೆ ಬಡಿದು ಓರೆಯಾದರೂ ಅದು ತಾನಾಗಿ ಮತ್ತೆ ಎದ್ದು ನಿಲ್ಲುತ್ತದೆ. ಇನ್ನೊಂದು ಸಣ್ಣ ಸಂಗತಿಯನ್ನು ಬಹಳ ಮಂದಿ ಮರೆಯುತ್ತಾರೆ. ಬುಡವು ಕಾಂಕ್ರೀಟಿನಲ್ಲಿ ಮುಚ್ಚಿಹೋಗುವುದರಿಂದ, ಕಾಂಕ್ರೀಟಿನ ಮೇಲುಗಡೆ ನೀರು ಒಳಗೆ ಬರಲು ಒಂದು ತೂತು, ಮುಚ್ಚಿದ ಗೆಣ್ಣಿನ ಕೆಳಗೆ ಗಾಳಿ ಹೊರಗೆ ಹೋಗಲು ಇನ್ನೊಂದು ತೂತು ಬೇಕು. ಮೇಲಿನ ತೂತಿಲ್ಲದಿದ್ದರೆ ಗಾಳಿ ಒಳಗೇ ಉಳಿದು, ಗೆಣ್ಣು ಒಡೆದ ಶ್ರಮವೆಲ್ಲ ವ್ಯರ್ಥವಾಗುತ್ತದೆ.

ಬಕೆಟ್ಟನ್ನು ನಾನು ಕೈಬಿಟ್ಟಿದ್ದೇನೆ. ಕಿರಿದಾದ ಬುಡ ಮೆತ್ತನೆಯ ಹೂಳಿನಲ್ಲಿ ಒಂದು ಕಡೆಗೆ ಕುಸಿಯುತ್ತದೆ. ಅದರ ಬದಲಿಗೆ ಕೆರೆಯಂಗಳದಲ್ಲೇ 75 ಸೆಂ.ಮೀ. ಚೌಕದ, 10 ಸೆಂ.ಮೀ. ದಪ್ಪದ ಹಾಸನ್ನು ಎರಕ ಹೊಯ್ದು, ಅದರಲ್ಲಿ ಹನ್ನೆರಡು ಬೊಂಬುಗಳನ್ನು ಗೇಣಿಗೊಂದರಂತೆ ನಿಲ್ಲಿಸುವುದು ಒಳ್ಳೆಯದು. ಆ ಹಾಸು ಸುಮಾರು 135 ಕೆ.ಜಿ. ತೂಗುತ್ತದೆ, ನೀರಿನೊಳಗೆ 79 ಕೆ.ಜಿ.ಯಷ್ಟಾಗುತ್ತದೆ; ತುದಿಯಲ್ಲಿ ಗಾಳಿ ಉಳಿಸಿಕೊಂಡ ಹನ್ನೆರಡು ಬೊಂಬುಗಳ ಒಟ್ಟು ಎಳೆತ 18 ಕೆ.ಜಿ. ದಾಟುವುದಿಲ್ಲ. ಅಲ್ಲೇ ಎರಕ ಹೊಯ್ಯುವುದರಿಂದ ಹೊತ್ತು ಸಾಗಿಸುವ ಕಷ್ಟವೂ ಇಲ್ಲ. ಬೊಂಬು ಕಾಂಕ್ರೀಟಿನ ನೀರನ್ನು ಹೀರಿ ಉಬ್ಬಿ, ಆಮೇಲೆ ಒಣಗಿ ಕುಗ್ಗಿ ಸಡಿಲಾಗುವುದರಿಂದ, ಬುಡದಲ್ಲಿ ಒಂದು ಗೆಣ್ಣು ಕಾಂಕ್ರೀಟಿನೊಳಗೆ ಹುದುಗಿರುವಂತೆ ನೋಡಿಕೊಂಡು, ಅದರ ಮೂಲಕ ಕಬ್ಬಿಣದ ಸರಳಿನ ತುಂಡೊಂದನ್ನು ಅಡ್ಡಲಾಗಿ ತೂರಿಸಿರಬೇಕು. ಏಪ್ರಿಲ್ ಒಳಗೆ ಈ ಕೆಲಸ ಮುಗಿದರೆ ಮುಂಗಾರು ಬರುವ ಮೊದಲು ನೀರುಣಿಸಿ ಹದಗೊಳಿಸಲು ಸಮಯ ಸಿಗುತ್ತದೆ. ಹಸಿ ಸಿಮೆಂಟಿನ ಸುಣ್ಣ ಸಣ್ಣ ಹೊಂಡಗಳಲ್ಲಿ ನೀರಿನ ಕ್ಷಾರವನ್ನು ಏರಿಸಬಲ್ಲದು. ಮೇಲುಗಡೆ ಬೊಂಬುಗಳನ್ನು ಒಂದಕ್ಕೊಂದು ಬಿಗಿಯಲು ತೆಂಗಿನ ನಾರಿನ ಹಗ್ಗ ಸಾಕು. ಬಿಚ್ಚಿಹೋದ ನೈಲಾನ್ ಕುಣಿಕೆ ಮೀನಿಗೂ ಹಕ್ಕಿಗೂ ಉರುಳಾಗುತ್ತದೆ.

ಮೂರು ವರ್ಷ ಬಲಿತ ಬಿದಿರನ್ನು ಚಳಿಗಾಲದಲ್ಲಿ ಕಡಿದು, ಎರಡು ಮೂರು ವಾರ ನೀರಿನಲ್ಲಿ ನೆನೆಹಾಕಿ ಒಣಗಿಸಿದರೆ ಹುಳು ಹಿಡಿಯುವುದು ಕಡಿಮೆ. ಅರಣ್ಯ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿ ಕಾಡಿನ ಹೊರಗೆ ಬೆಳೆದ ಬಿದಿರನ್ನು ಮರದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಕಾಡಿನ ಮೆಳೆಗಳಿಗೆ ಮಾತ್ರ ಕೈ ಹಾಕಬಾರದು. ತಾಮ್ರ ಸೇರಿದ ಮದ್ದು ಉಣಿಸಿದ ಬಿದಿರನ್ನು ಬಳಸಲೇಬೇಡಿ. ಕಾಫಿ ತೋಟದ ಕೆರೆಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು: ಬೋರ್ಡೋ ದ್ರಾವಣ (ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟು ಮತ್ತು ಸುಣ್ಣ ಬೆರೆಸಿದ ರೋಗನಾಶಕ) ಕಲಸಿದ ಡ್ರಮ್ಮನ್ನು ಕಾಂಕ್ರೀಟಿನ ಅಚ್ಚಾಗಿ ಬಳಸಿದ್ದನ್ನು ನಾನು ಕಂಡಿದ್ದೇನೆ. ಮೀನಿಗೆ ತಾಮ್ರ ವಿಷ.

ಇಷ್ಟೆಲ್ಲ ಶ್ರಮ ಯಾಕೆಂದರೆ, ನಮ್ಮ ಕೆರೆಗಳ ತಳ ಹೂಳಿನ ಬಯಲಾಗಿಬಿಟ್ಟಿದೆ. ಮಳೆಗಾಲದಲ್ಲಿ ಬಿತ್ತನೆ ಮಾಡಿದ ಬೆರಳುದ್ದದ ಮರಿಗಳು ಅಡಗಲು ಜಾಗವಿಲ್ಲದೆ ನೀರುಕಾಗೆಗಳ ಪಾಲಾಗುತ್ತವೆ. ಗೇಣಗಲದ ಸಂದಿನಲ್ಲಿ ಮರಿ ನುಸುಳುತ್ತದೆ, ಹಕ್ಕಿ ಅದನ್ನು ಅಟ್ಟಿಸಿಕೊಂಡು ಹೋಗುವುದು ಕಷ್ಟವಾಗುತ್ತದೆ. ಅದರ ಜೊತೆಗೆ ಬೊಂಬಿನ ಮೈಮೇಲೆ ಕೆಲವೇ ವಾರಗಳಲ್ಲಿ ಪಾಚಿ ಮತ್ತು ಸೂಕ್ಷ್ಮಜೀವಿಗಳ ಲೋಳೆಯಂತಹ ಪದರ ಬೆಳೆಯುತ್ತದೆ. ರೋಹು ಮೀನು ಇದನ್ನು ತುಟಿಯಿಂದ ಕೆರೆದು ತಿನ್ನುತ್ತದೆ. ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಬಿದಿರು ಮತ್ತು ಕಬ್ಬಿನ ಸಿಪ್ಪೆಯನ್ನು ಕೊಳಗಳಲ್ಲಿ ಇಟ್ಟು ಈ ಪದರದ ಮೇಲೆಯೇ ಪ್ರಯೋಗಗಳು ನಡೆದಿವೆ. ಮೇಲ್ಪದರದಲ್ಲಿ ಆಹಾರ ಹುಡುಕುವ ಕಾಟ್ಲಾಗೆ ಇದರಿಂದ ಅಷ್ಟು ಪ್ರಯೋಜನವಿಲ್ಲವೆಂಬುದನ್ನು ಕೆರೆ ಗುತ್ತಿಗೆ ಹಿಡಿದವರು ಮೊದಲೇ ತಿಳಿದಿರಬೇಕು.

ಜಾಗದ ಆಯ್ಕೆಯಲ್ಲಿ ಒಂದು ಇಕ್ಕಟ್ಟಿದೆ. ಪಾಚಿಗೆ ಬೆಳಕು ಬೇಕು, ಆದರೆ ಮಳೆಗಾಲದ ಕೆಂಪು ನೀರಿನಲ್ಲಿ ಬೆಳಕು ಆಳಕ್ಕೆ ಇಳಿಯುವುದಿಲ್ಲ. ಬಿಳಿ ತಟ್ಟೆಯೊಂದನ್ನು ಹಗ್ಗಕ್ಕೆ ಕಟ್ಟಿ ಇಳಿಸಿ, ಅದು ಕಣ್ಮರೆಯಾಗುವ ಆಳವನ್ನು ಗುರುತಿಸಿಕೊಳ್ಳಿ. ಪಾಚಿ ಬೆಳೆಯುವಷ್ಟು ಬೆಳಕು ಸರಿಸುಮಾರು ಅದರ ಎರಡರಷ್ಟು ಆಳದವರೆಗೆ ಇರುತ್ತದೆ. ಹಾಗೆಂದು ದಡದ ಹತ್ತಿರ ಇಟ್ಟರೆ ಬೇಸಿಗೆಯಲ್ಲಿ ಬೊಂಬು ಹೊರಬೀಳುತ್ತದೆ, ಮತ್ತು ಒಮ್ಮೆ ನೆನೆದು ಒಮ್ಮೆ ಒಣಗುವ ಬಿದಿರಿನಷ್ಟು ಬೇಗ ಕೊಳೆಯುವುದು ಬೇರೊಂದಿಲ್ಲ; ಸದಾ ಮುಳುಗಿರುವ ಬಿದಿರು ಅದಕ್ಕಿಂತ ಬಹಳ ಕಾಲ ಬಾಳುತ್ತದೆ. ಆದ್ದರಿಂದ ಅಂಗಳದ ಇಳಿಜಾರಿನ ಉದ್ದಕ್ಕೂ ಮೆಟ್ಟಿಲುಗಳಂತೆ ಬೇರೆ ಬೇರೆ ಆಳದಲ್ಲಿ ಇಡುವುದನ್ನು, ಆಳದಲ್ಲಿ ಹೆಚ್ಚು, ಮೇಲೆ ಕಡಿಮೆ ಇಡುವುದನ್ನು ನಾನು ಸೂಚಿಸುತ್ತೇನೆ. ತೀರ ಆಳದ ಗುಂಡಿಯಲ್ಲಿ ಬೇಸಿಗೆಯ ಹೊತ್ತಿಗೆ ಆಮ್ಲಜನಕ ಕುಸಿಯುವುದರಿಂದ ಅಲ್ಲಿ ಬೇಡ. ಅಯ್ಯನಕೆರೆಯಂತಹ ವಿಶಾಲವಾದ ಕೆರೆಗಳಲ್ಲಿ ಗಾಳಿಯ ಅಲೆ ನೇರವಾಗಿ ಬಡಿಯುವ ಏರಿಯ ಬದಿಯನ್ನೂ ಎಲ್ಲ ಕೆರೆಗಳಲ್ಲಿ ತೂಬು ಮತ್ತು ಕೋಡಿಯ ಆಸುಪಾಸನ್ನೂ ಬಿಡಬೇಕು.

ಎಳೆಬಲೆ ಹಾಕುವ ದಾರಿ ಯಾವುದೆಂದು ಮೀನುಗಾರರನ್ನು ಕೇಳದೆ ಒಂದು ಬೊಂಬನ್ನೂ ನೆಡಬೇಡಿ. ಬಲೆ ಸಿಕ್ಕಿಕೊಂಡು ಹರಿದರೆ ಅವರು ಮೀನುಮನೆಯನ್ನು ಕಿತ್ತೊಗೆಯುತ್ತಾರೆ, ಅದರಲ್ಲಿ ಅವರ ತಪ್ಪಿಲ್ಲ. ಪ್ರತಿ ಗುಂಪಿನಲ್ಲೂ ಒಂದು ಬೊಂಬನ್ನು ತುಂಬಿದ ಕೆರೆಯ ಮಟ್ಟಕ್ಕಿಂತ ಒಂದು ಮೊಳ ಎತ್ತರ ಬಿಟ್ಟು, ತುದಿಗೆ ಬಿಳಿ ಬಣ್ಣ ಬಳಿದಿಡಿ. ನೀರಿನ ಮಟ್ಟದಲ್ಲಿ ಮೊದಲು ಕೊಳೆಯುವುದು ಆ ಗುರುತಿನ ಬೊಂಬೇ ಆದ್ದರಿಂದ, ಅದನ್ನು ಪ್ರತಿ ಬೇಸಿಗೆಯಲ್ಲೂ ಬದಲಾಯಿಸಬೇಕಾಗುತ್ತದೆ.