ಪ್ರಭಾರ ಸಾಹೇಬರು ‘ಆಗಲ್ಲ’ ಅನ್ನೋದು ಕಷ್ಟ

ಬಾಗಲಕೋಟೆ, ವಿಜಯಪುರ ಕಡೆಯ ನೀರಾವರಿ ಕಚೇರಿಗಳಲ್ಲಿ ಸಾಹೇಬರ ಕುರ್ಚಿಯ ಹಿಂದೆ ಒಂದು ಹಲಗೆ ಇರುತ್ತದೆ. ಯಾರು ಯಾವಾಗ ಬಂದರು, ಯಾವಾಗ ಹೋದರು ಅನ್ನೋ ಪಟ್ಟಿ ಅದು. ಕೆಲವು ಹೆಸರುಗಳ ಮುಂದೆ ‘ಪ್ರಭಾರ’ ಅಂತ ಬರೆದಿರುತ್ತದೆ, ಅಂದರೆ ಆ ಹುದ್ದೆ ಅವರಿಗೆ ಕಾಯಂ ಅಲ್ಲ, ತಾತ್ಕಾಲಿಕವಾಗಿ ನೋಡಿಕೊಳ್ಳುತ್ತಾರೆ ಅಂತ. ನಾನು ಇದೇ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತನಾದವನು. ಸರ್ಕಾರಿ ಸಂಸ್ಥೆಗಳಲ್ಲಿ ಯೋಗ್ಯತೆಗಿಂತ ನಿಷ್ಠೆ ಹೇಗೆ ಮುಂದೆ ಬರುತ್ತದೆ ಅಂತ ಯಾರಾದರೂ ಕೇಳಿದರೆ, ನಿಗಮ ಮಂಡಳಿಗಳ ಅಧ್ಯಕ್ಷಗಿರಿಯ ಸುದ್ದಿ ಆಮೇಲೆ ನೋಡೋಣ, ಮೊದಲು ಈ ಹಲಗೆ ನೋಡಿ ಅನ್ನುತ್ತೇನೆ.

ಕರ್ನಾಟಕ ನಾಗರಿಕ ಸೇವಾ ನಿಯಮಗಳಲ್ಲಿ 32ನೇ ನಿಯಮ ಅಂತ ಒಂದಿದೆ. ಬಡ್ತಿ ಕೊಡದೆಯೇ ಕೆಳಗಿನ ಅಧಿಕಾರಿಯನ್ನು ಮೇಲಿನ ಹುದ್ದೆಯಲ್ಲಿ ಕೂರಿಸಲು ಅದರಲ್ಲಿ ಅವಕಾಶವಿದೆ. 68ನೇ ನಿಯಮದಲ್ಲಿ ತನ್ನ ಹುದ್ದೆಯ ಜೊತೆಗೆ ಇನ್ನೊಂದನ್ನು ಹೆಚ್ಚುವರಿಯಾಗಿ ನೋಡಿಕೊಳ್ಳಬಹುದು. ಎರಡೂ ಒಳ್ಳೆಯ ಉದ್ದೇಶಕ್ಕೆ ಇರುವಂಥವು. ಯಾರೋ ನಿವೃತ್ತರಾದರು, ಬಡ್ತಿ ಪಟ್ಟಿ ಕೋರ್ಟಿನಲ್ಲಿದೆ, ಕೆಲಸ ನಿಲ್ಲಬಾರದಲ್ವಾ? ಆದರೆ ಆ ತಾತ್ಕಾಲಿಕ ವ್ಯವಸ್ಥೆ ವರ್ಷಗಟ್ಟಲೆ ಮುಂದುವರಿದರೆ ಕಥೆಯೇ ಬೇರೆ. ಆಗ ಆ ಕುರ್ಚಿಗೆ ಸೇವಾ ಹಿರಿತನಕ್ಕಿಂತ ಶಾಸಕರ ಶಿಫಾರಸು ಪತ್ರವೇ ಜಾಸ್ತಿ ತೂಗುತ್ತದೆ.

ಒಂದು ಮಾತು ಹೇಳಲೇಬೇಕು. ಪತ್ರ ತಂದವರೆಲ್ಲ ದಡ್ಡರಲ್ಲ. ಕೆಲಸ ಚೆನ್ನಾಗಿ ಬಲ್ಲವರೂ ಪತ್ರ ಹಿಡಿದು ಓಡಾಡಿದ್ದನ್ನು ನೋಡಿದ್ದೇನೆ. ಪತ್ರ ಇಲ್ಲದಿದ್ದರೆ ಅವರ ಫೈಲು ಕದಲುತ್ತಿರಲಿಲ್ಲ. ತೊಂದರೆ ಶುರುವಾಗುವುದು ಕುರ್ಚಿ ಸಿಕ್ಕ ಮೇಲೆ. ಪ್ರಭಾರದವರನ್ನು ಯಾವ ದಿನ ಬೇಕಾದರೂ ಹಳೆಯ ಹುದ್ದೆಗೆ ಕಳಿಸಬಹುದು. ಅಂಥವರು ಟಿಪ್ಪಣಿ ಹಾಳೆಯಲ್ಲಿ ‘ಇದು ತಾಂತ್ರಿಕವಾಗಿ ಸರಿಯಲ್ಲ’ ಅಂತ ಬರೆಯುವುದು ಹೇಗೆ? ಜ್ಞಾನ ತಲೆಯಲ್ಲೇ ಇರುತ್ತದೆ, ಪೆನ್ನಿಗೆ ಇಳಿಯುವುದಿಲ್ಲ.

ಮಳೆಗಾಲದಲ್ಲಿ ಇದರ ಬಿಸಿ ತಟ್ಟುತ್ತದೆ. ಸವದತ್ತಿ ತಾಲ್ಲೂಕಿನ ನವಿಲುತೀರ್ಥ ಅಣೆಕಟ್ಟು, ಹಿಡಕಲ್, ಆಲಮಟ್ಟಿ, ಯಾವುದೇ ಇರಲಿ, ಮೇಲೆ ಜೋರು ಮಳೆ ಅಂತ ಗೊತ್ತಾದರೆ ಜಲಾಶಯ ತುಂಬುವ ಮೊದಲೇ ಸ್ವಲ್ಪ ನೀರು ಬಿಟ್ಟು ಜಾಗ ಮಾಡಿಕೊಳ್ಳಬೇಕು. ತುಂಬಿದ ಮೇಲೆ ಬಂದಷ್ಟೂ ಬಿಡಲೇಬೇಕಾಗುತ್ತದೆ, ಆಗ ಕೆಳಗಿನ ಊರುಗಳಿಗೆ ನೀರು ನುಗ್ಗುತ್ತದೆ. ಆದರೆ ಮೊದಲೇ ಬಿಟ್ಟರೆ ಫೋನ್ ಬರುತ್ತದೆ: ‘ಏನ್ರೀ ಸಾಹೇಬ್ರ, ರೈತರ ನೀರು ಸುಮ್ನೆ ಹೊಳಿಗೆ ಬಿಡಾಕತ್ತೀರಲ್ಲ?’ ಫೋನ್ ಮಾಡಿದವರಿಗೂ ಒಂದು ನ್ಯಾಯ ಇದೆ. ಆಮೇಲೆ ಮಳೆ ಕೈಕೊಟ್ಟರೆ ಕಾಲುವೆ ಕೊನೆಯ ರೈತ ಅವರ ಮನೆ ಬಾಗಿಲಿಗೇ ಬರುತ್ತಾನೆ. ಅಂಥ ಹೊತ್ತಿನಲ್ಲಿ ಒಳಹರಿವಿನ ಲೆಕ್ಕ ಹೇಳಿ, ‘ಇಲ್ಲ ಸರ್, ಇವತ್ತು ರಾತ್ರಿ ಬಿಡಲೇಬೇಕು’ ಅನ್ನುವ ಗಟ್ಟಿತನ ಬೇಕು. ಘಟಪ್ರಭಾ, ಮಲಪ್ರಭಾ, ಕೃಷ್ಣಾ ಒಟ್ಟಿಗೇ ಉಕ್ಕಿದ 2019ರ ಆಗಸ್ಟ್ ನೋಡಿದವರಿಗೆ ಆ ಒಂದು ರಾತ್ರಿಯ ಬೆಲೆ ಗೊತ್ತು.

ನಿವೃತ್ತ ಐಎಎಸ್ ಅಧಿಕಾರಿ ಟಿ.ಎಸ್.ಆರ್. ಸುಬ್ರಮಣಿಯನ್ ಮತ್ತಿತರರು ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ: ಬಾಯಿಮಾತಿನ ಆದೇಶ ಬಂದರೆ ಅಧಿಕಾರಿ ಅದನ್ನು ಬರವಣಿಗೆಯಲ್ಲಿ ದಾಖಲಿಸಬೇಕು, ಹುದ್ದೆಯಲ್ಲಿ ಕನಿಷ್ಠ ಅವಧಿ ಇರಬೇಕು. ಅದೇ ವರ್ಷದ ನಮ್ಮ ರಾಜ್ಯದ ವರ್ಗಾವಣೆ ಮಾರ್ಗಸೂಚಿಯಲ್ಲೂ ‘ಎ’, ‘ಬಿ’ ಗುಂಪಿನವರಿಗೆ ಎರಡು ವರ್ಷ ಅಂತಿದೆ. ಕಾಗದದ ಮೇಲೆ ಎಲ್ಲ ಸರಿಯಾಗಿದೆ. ಆದರೆ ‘ಸರ್, ಅದನ್ನೇ ಒಂದು ಚೀಟಿಯಲ್ಲಿ ಬರೆದು ಕೊಡಿ’ ಅಂತ ಕೇಳಿದ ಪ್ರಭಾರ ಅಧಿಕಾರಿಯನ್ನು ನಾನಂತೂ ನೋಡಿಲ್ಲ.

ಇನ್ನು ನಿರ್ವಹಣೆ. ಮೇ ತಿಂಗಳಲ್ಲಿ ಗೇಟುಗಳ ರೋಪು, ಚೈನು, ರೋಲರ್ ನೋಡಿ ಗ್ರೀಸ್ ಹಚ್ಚಬೇಕು, ರಬ್ಬರ್ ಸೀಲು ಬದಲಿಸಬೇಕು. ಗ್ರೀಸ್ ಹಚ್ಚಿದ್ದಕ್ಕೆ ಯಾರೂ ಟೇಪು ಕತ್ತರಿಸುವುದಿಲ್ಲ. ಹೊಸ ಕಾಮಗಾರಿಗೆ ಭೂಮಿಪೂಜೆ ಇದೆ, ಗುತ್ತಿಗೆದಾರರಿದ್ದಾರೆ, ಫೋಟೋ ಇದೆ. ಹೀಗಾಗಿ ಮೇಲಿನವರನ್ನು ಖುಷಿಯಾಗಿಡಬೇಕಾದವರ ಕೈಯಲ್ಲಿ ನಿರ್ವಹಣೆಯ ಎಸ್ಟಿಮೇಟು ತಳಕ್ಕೆ ಹೋಗುತ್ತದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾಯಿತು. ಅಲ್ಲಿ ಯಾರ ತಪ್ಪಿತ್ತು ಅಂತ ನಾನು ಇಲ್ಲಿ ಹೇಳುತ್ತಿಲ್ಲ. ಆಗ ಯಾರನ್ನು ಕರೆಸಿದರು ಅನ್ನೋದನ್ನಷ್ಟೇ ನೋಡಿ. ಗೇಟು ಕೆಲಸದಲ್ಲೇ ಬದುಕು ಕಳೆದ ವಯೋವೃದ್ಧ ಕನ್ನಯ್ಯ ನಾಯ್ಡು ಅವರನ್ನು. ನೀರು ಹರಿಯುತ್ತಿರುವಾಗಲೇ ಗೇಟಿನ ಬದಲಿಗೆ ಅಡ್ಡ ಇಡುವ ಉಕ್ಕಿನ ತಡೆ, ಅಂದರೆ ಸ್ಟಾಪ್‌ಲಾಗ್ ಇಳಿಸಿ, ಸುಮಾರು ಒಂದು ವಾರದಲ್ಲಿ ಹರಿವು ತಡೆದರು. ಅವತ್ತು ಅವರು ಯಾರ ಕಡೆಯವರು ಅಂತ ಯಾರೂ ಕೇಳಲಿಲ್ಲ.

ಓದುಗರು ಮಾಡಬಹುದಾದ ಒಂದು ಸಣ್ಣ ಕೆಲಸ ಹೇಳುತ್ತೇನೆ. ನಿಮ್ಮ ತಾಲ್ಲೂಕಿನ ಕಾಲುವೆ ನೋಡಿಕೊಳ್ಳುವ ಕಚೇರಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಿರಬೇಕು, 150 ಪದ ಮೀರಬಾರದು. ಅಷ್ಟು ಪದ ಬೇಕಾಗುವುದೂ ಇಲ್ಲ. ‘ಈ ಕಚೇರಿಯಲ್ಲಿ 32 ಮತ್ತು 68ನೇ ನಿಯಮದಡಿ ಪ್ರಭಾರದಲ್ಲಿರುವ ಹುದ್ದೆಗಳು ಯಾವುವು, ಯಾವ ದಿನಾಂಕದಿಂದ?’ ಇಷ್ಟೇ ಕೇಳಿ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಬಂದ ಉತ್ತರದಲ್ಲಿ ಹೆಸರುಗಳಿಗಿಂತ ದಿನಾಂಕಗಳನ್ನು ಮೊದಲು ಓದಿ.